ಹುಷಾರಾದ ಮೇಲೆ ಕಳಿಸಿ

ಮಗಳ ಕ್ಲಾಸಿನ ಪೋಷಕರ ವಾಟ್ಸಾಪ್ ಗುಂಪು ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತದೆ. ನಾಳೆ ಯಾವ ಬಣ್ಣದ ಡ್ರೆಸ್ಸು, ಪ್ರಾಜೆಕ್ಟಿಗೆ ಥರ್ಮೊಕೋಲ್ ಎಲ್ಲಿ ಸಿಗುತ್ತೆ, ಇಷ್ಟೇ. ಕಳೆದ ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಮಾತ್ರ ಫೋನು ಮೇಜಿನ ಮೇಲೆ ಬಿಡದೆ ಗುರುಗುಟ್ಟತೊಡಗಿತು. ಮೀಟಿಂಗಿನ ನಡುವೆ ಕದ್ದು ನೋಡಿದೆ. ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ತರಗತಿಯಲ್ಲೇ ಫಿಟ್ಸ್ ಬಂದಿದೆ. ಮೊದಲ ಹತ್ತು ಮೆಸೇಜು ಅಯ್ಯೋ ಪಾಪ, ಕೈಮುಗಿದ ಚಿತ್ರಗಳು. ಆಮೇಲೆ ಒಬ್ಬರು ಕೇಳಿದರು, 'ಮನೆಯವರು ಸ್ಕೂಲಿಗೆ ಮೊದಲೇ ಹೇಳಿದ್ರಾ?' ಇನ್ನೊಬ್ಬರು, 'ನಮ್ಮ ಮಕ್ಕಳು ಇದನ್ನೆಲ್ಲ ಕಣ್ಣಾರೆ ನೋಡಬೇಕಾ?' ಮೂರು ಗಂಟೆಯ ಹೊತ್ತಿಗೆ ಒಂದು ಪತ್ರದ ಕರಡು ರೆಡಿಯಾಗಿತ್ತು. 'ಎಲ್ಲ ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ, ಪೂರ್ತಿ ಗುಣವಾಗುವವರೆಗೆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವಂತೆ ಪೋಷಕರಿಗೆ ಸೂಚಿಸಬೇಕಾಗಿ ವಿನಂತಿ.' ಒಪ್ಪುವವರು ಹೆಬ್ಬೆರಳು ಒತ್ತಿ ಅಂದರು.

ನಾನೂ ಒತ್ತಿದೆ. ಸ್ಕ್ರೀನಿನಲ್ಲಿ ಯಾವುದೋ ಸ್ಲೈಡ್ ಓಡುತ್ತಿತ್ತು, ಬಾಸ್ ನನ್ನ ಹೆಸರು ಹಿಡಿದು ಏನೋ ಕೇಳುತ್ತಿದ್ದರು, ಪತ್ರದ ಭಾಷೆಯೂ ಮೃದುವಾಗಿತ್ತು. ಯಾರೂ ಯಾರನ್ನೂ ಬೈದಿರಲಿಲ್ಲ.

ಸಂಜೆ ಮೆಟ್ರೊದಲ್ಲಿ ನಿಂತು ಆ ಪತ್ರವನ್ನು ಮತ್ತೆ ಓದಿದಾಗ 'ಗುಣವಾಗುವವರೆಗೆ' ಅನ್ನುವ ಪದದ ಹತ್ತಿರ ಕಣ್ಣು ನಿಂತುಬಿಟ್ಟಿತು. ಆ ಮಾತನ್ನು ನಾನು ಹಿಂದೆ ಕೇಳಿದ್ದೆ. ಇಪ್ಪತ್ತೆಂಟು ವರ್ಷದ ಹಿಂದೆ, ಇನ್ನೂ ಮೃದುವಾದ ದನಿಯಲ್ಲಿ.

ಚನ್ನಪಟ್ಟಣದಿಂದ ಸಾತನೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಆಗಿನ್ನೂ ರಾಮನಗರ ಜಿಲ್ಲೆ ಆಗಿರಲಿಲ್ಲ. ಅದಾಗಿದ್ದು 2007ರಲ್ಲಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲೂಕು ಸೇರಿ. ನಾವು ಓದುವಾಗ ಬಾವುಟದ ಕಂಬದ ಪಕ್ಕದ ಬೋರ್ಡಿನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಂತಲೇ ಇತ್ತು. ಆ ಕಂಬದ ಎದುರು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ದೊಡ್ಡಮ್ಮನ ಮಗಳು ಬಿದ್ದಳು. ನಾನು ನಾಲ್ಕನೇ ಕ್ಲಾಸು, ಅವಳು ಐದನೇ ಕ್ಲಾಸು. ಅಕ್ಕ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ಯಾರೋ ಓಡಿಹೋಗಿ ಕಬ್ಬಿಣದ ಬೀಗ ತಂದರು, ಇನ್ಯಾರೋ ಚಪ್ಪಲಿ ಮೂಗಿಗೆ ಹಿಡಿದರು, ಅಡುಗೆಯವರು ಈರುಳ್ಳಿ ಒಡೆದು ತಂದರು. ಇವೆಲ್ಲ ಸೇರಿ ಮುಗಿಯುವಷ್ಟರಲ್ಲಿ ಫಿಟ್ಸ್ ತಾನಾಗೇ ನಿಂತಿತ್ತು. ಬೀಗಕ್ಕೆ ಮಾತ್ರ ಕೀರ್ತಿ ಬಂತು.

ಹೆಡ್‌ಮಾಸ್ಟರು ಒಳ್ಳೆಯವರು. ಇದನ್ನು ಒತ್ತಿ ಹೇಳಬೇಕು, ಯಾಕಂದ್ರೆ ಅವರು ಕೆಟ್ಟವರಾಗಿದ್ದರೆ ನನಗೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಸ್ವಂತ ದುಡ್ಡಲ್ಲಿ ಮಕ್ಕಳಿಗೆ ಸ್ಲೇಟು ಕೊಡಿಸುತ್ತಿದ್ದವರು. ಅವತ್ತು ಸಂಜೆ ತಾವೇ ಸೈಕಲ್ ತುಳಿದುಕೊಂಡು ದೊಡ್ಡಮ್ಮನ ಮನೆಗೆ ಬಂದು, ಜಗಲಿ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು ಹೇಳಿದರು: 'ಮಗ ಜಾಣೆ ಕಣಮ್ಮ. ಆದ್ರೆ ಕಲ್ಲು ಗಿಲ್ಲು ಇರೋ ಜಾಗ, ತಲೆಗೇನಾದ್ರೂ ಏಟು ಬಿದ್ರೆ ನಾನ್ ಯಾರಿಗ್ ಉತ್ತರ ಕೊಡ್ಲಿ? ಒಂದಷ್ಟ್ ದಿನ ಮನೇಲಿರ್ಲಿ. ಹುಷಾರಾದ್ಮೇಲೆ ಕಳ್ಸಿ.' ದೊಡ್ಡಮ್ಮ ಕಣ್ಣೊರೆಸಿಕೊಂಡು ತಲೆಯಾಡಿಸಿತು. ಬೇಸರಕ್ಕಿಂತ ಅವಳ ಮುಖದಲ್ಲಿ ನಿರಾಳ ಜಾಸ್ತಿ ಕಂಡಿತ್ತು ಅನ್ನಿಸುತ್ತದೆ. ಊರ ಮಕ್ಕಳೆಲ್ಲ ನೋಡುವ ಜಾಗದಲ್ಲಿ ಮಗಳು ಇನ್ನು ಬೀಳುವುದಿಲ್ಲವಲ್ಲ.

ಹೆಡ್‌ಮಾಸ್ಟರು ನನಗೂ ಒಂದು ಕೆಲಸ ಒಪ್ಪಿಸಿದರು. ಐದನೇ ಕ್ಲಾಸಿನವರ ಹತ್ತಿರ ನೋಟ್ಸ್ ಇಸ್ಕೊಂಡು ದಿನಾ ಸಂಜೆ ಅಕ್ಕನಿಗೆ ಕೊಡೋದು, ಬೆಳಿಗ್ಗೆ ವಾಪಸ್ ತರೋದು. ಹತ್ತು ದಿನ ಮಾಡಿದೆನೋ ಏನೋ. ಆಮೇಲೆ ಮಾವಿನ ತೋಪಿನಲ್ಲಿ ಕ್ರಿಕೆಟ್ ಶುರುವಾಯಿತು.

ಮನೆಯಲ್ಲಿದ್ದರೆ ಸೇಫ್ ಅಂತ ನಾವು ಹೇಳುವಾಗ ನಮ್ಮ ಕಣ್ಣ ಮುಂದೆ ಬರುವ ಮನೆ ಯಾವುದು? ಸೋಫಾ, ಟಿವಿ, ಪಕ್ಕದಲ್ಲೇ ಅಜ್ಜಿ. ರಾಮನಗರದ ಸೀಮೆಯ ರೇಷ್ಮೆ ಸಾಕುವ ಮನೆ ಹಾಗಿರುವುದಿಲ್ಲ. ಹುಳ ನಾಲ್ಕನೇ ಜ್ವರ ದಾಟಿತು ಅಂದರೆ ಮನೆಮಂದಿಯೆಲ್ಲ ಹಿಪ್ಪುನೇರಳೆ ತೋಟದಲ್ಲಿ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಮೂರು ವಾರದ ದುಡಿಮೆ ಮಣ್ಣುಪಾಲು. ಮನೆಯಲ್ಲಿ ಉಳಿಯುವವಳು ಶಾಲೆಗೆ ಹೋಗದ ಹುಡುಗಿ. ಉಳಿದವಳು ಸುಮ್ಮನೆ ಕೂರುವಂತಿಲ್ಲ. ಅವಳು ಹಿಟ್ಟು ತೊಳಸಬೇಕು, ಸೇದಿ ನೀರು ತರಬೇಕು, ಚಂದ್ರಂಕಿ ಗುಡಿಸಬೇಕು. ಅಕ್ಕನಿಗೆ ಹನ್ನೆರಡು ವರ್ಷವಿದ್ದಾಗ ಮುದ್ದೆಗೆ ಎಸರಿಟ್ಟು ಒಲೆ ಮುಂದೆ ಕೂತಿದ್ದಾಗಲೇ ಫಿಟ್ಸ್ ಬಂತು. ಮನೆಯಲ್ಲಿ ಯಾರೂ ಇರಲಿಲ್ಲ. ಎಡಗೈ ಮೊಣಕೈವರೆಗೂ ಸುಟ್ಟಿತು. ಆ ಚರ್ಮ ಈಗಲೂ ಸುಕ್ಕುಗಟ್ಟಿದ ಕಾಗದದ ಥರ ಇದೆ, ಮದುವೆ ಮನೆಗಳಿಗೆ ಅವಳು ಉದ್ದ ತೋಳಿನ ರವಿಕೆ ಹಾಕಿಕೊಂಡೇ ಬರುತ್ತಾಳೆ. ಶಾಲೆಯ ಅಂಗಳದಲ್ಲಿ ಬಿದ್ದಿದ್ದಾಗ ಏನಾಗಿತ್ತು ಗೊತ್ತಾ? ಮೊಣಕಾಲು ತರಚಿತ್ತು.

ಅಪಾಯವನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಎಪ್ಪತ್ತು ಮಕ್ಕಳು, ಇಬ್ಬರು ಮೇಷ್ಟ್ರು ಇದ್ದ ಜಾಗದಿಂದ ಎತ್ತಿ, ಯಾರೂ ಇಲ್ಲದ, ಒಲೆ ಇರುವ ಜಾಗಕ್ಕೆ ಕಳಿಸಿದ್ದರು, ಅಷ್ಟೇ. ಅಲ್ಲಿ ಏನಾದರೂ ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಇರಲಿಲ್ಲ. ಹೆಡ್‌ಮಾಸ್ಟರು 'ನಾನ್ ಯಾರಿಗ್ ಉತ್ತರ ಕೊಡ್ಲಿ' ಅಂದಿದ್ದರಲ್ಲ, ಆ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಸುರಕ್ಷತೆ ಅನ್ನುವ ಪದವನ್ನು ಎಷ್ಟೋ ಸಲ ನಾವು ಹೀಗೆ ಬಳಸುತ್ತೇವೆ ಅಂತ ಈಗ ಅನ್ನಿಸುತ್ತದೆ. ಅನಾಹುತ ಆಗಬಾರದು ಅನ್ನುವುದಕ್ಕಿಂತ, ನಮ್ಮ ಸಮಕ್ಷಮದಲ್ಲಿ ಆಗಬಾರದು ಅಂತ.

ಅಕ್ಕನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿಮ್ಹಾನ್ಸ್‌ನವರು ಆಗ ಕೆಲವು ತಾಲೂಕುಗಳಿಗೆ ತಾವೇ ಹೋಗಿ ತಿಂಗಳಿಗೊಮ್ಮೆ ರೋಗಿಗಳನ್ನು ನೋಡುತ್ತಿದ್ದರು, ಕನಕಪುರ ಅದರಲ್ಲೊಂದು. ಕೈ ಸುಟ್ಟ ಮೇಲೆ ಯಾರೋ ಹೇಳಿ, ದೊಡ್ಡಪ್ಪ ಅಲ್ಲಿಗೆ ಕರೆದುಕೊಂಡು ಹೋದರು. ಅದಕ್ಕೂ ಮುಂಚೆ ಎರಡು ವರ್ಷ ಯಂತ್ರ, ತಾಯಿತ, ಹರಕೆ ಎಲ್ಲ ಆಗಿತ್ತು. ಡಾಕ್ಟರು ಒಂದು ಮಾತ್ರೆ ಕೊಟ್ಟರು, ಚಿಕ್ಕದು, ಅಗ್ಗದ್ದು. ಮೊದಲ ವಾರಗಳಲ್ಲಿ ಅವಳು ತೂಕಡಿಸುತ್ತಿದ್ದಳು. ಆರು ತಿಂಗಳಲ್ಲಿ ಫಿಟ್ಸ್ ನಿಂತವು, ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ ಡಾಕ್ಟರೇ ಮಾತ್ರೆಯನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಅಂದರೆ ಅಕ್ಕ ಹುಷಾರಾದಳು. ಹುಷಾರಾದ ಮೇಲೆ ಕಳಿಸಿ ಅಂದಿದ್ದರಲ್ಲವಾ? ಅಷ್ಟೊತ್ತಿಗೆ ಅವಳ ಜೊತೆಯವರು ಹೈಸ್ಕೂಲಿನಲ್ಲಿದ್ದರು, ಆ ಹೆಡ್‌ಮಾಸ್ಟರಿಗೆ ವರ್ಗವಾಗಿತ್ತು, ಅಕ್ಕ ರಾಮನಗರದಲ್ಲಿ ಚಿಕ್ಕಮ್ಮನ ಜೊತೆ ರೀಲಿಂಗ್ ಯೂನಿಟ್ಟಿಗೆ ಹೋಗುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಆ ಕಾಲಕ್ಕೆ ನಮ್ಮ ಕಡೆಯ ರೇಷ್ಮೆ ಕೆಲಸದಲ್ಲಿ ಮಕ್ಕಳು ಎಷ್ಟು ಸಾಮಾನ್ಯವಾಗಿದ್ದರು ಅಂದರೆ, 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಬರೆದಾಗ ಕರ್ನಾಟಕಕ್ಕೆ ಅದರಲ್ಲಿ ದೊಡ್ಡ ಪಾಲೇ ಇತ್ತು. ಶಾಲೆಯಲ್ಲಿ ಕಲ್ಲಿದೆ ಅಂತ ಬಿಡಿಸಿದ ಹುಡುಗಿ ಕೊನೆಗೆ ತಲುಪಿದ್ದು ಬಿಸಿನೀರಿನ ತೊಟ್ಟಿಯ ಮುಂದಕ್ಕೆ.

ಇದು ಅಪರೂಪದ ಕಾಯಿಲೆಯೇನಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್ ತಂಡದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಸಾವಿರಕ್ಕೆ 8.8 ಜನರಿಗೆ ಅಪಸ್ಮಾರ ಅಂತ ಅದರಲ್ಲಿ ಕಂಡುಬಂತು, ಹಳ್ಳಿಗಳಲ್ಲಿ ಪಟ್ಟಣದ ಎರಡರಷ್ಟು. 2011ರ ಜನಗಣತಿಯಲ್ಲಿ ರಾಮನಗರ ಜಿಲ್ಲೆಯ ಜನಸಂಖ್ಯೆ ಸುಮಾರು 10.8 ಲಕ್ಷ. ಆ ದರದಲ್ಲೇ ಗುಣಿಸಿದರೆ ಒಂಬತ್ತೂವರೆ ಸಾವಿರ ಜನ. ಇದು ನನ್ನ ಕೈಲೆಕ್ಕ, ಇದರಲ್ಲಿ ಮಕ್ಕಳು ಎಷ್ಟು ಅಂತ ಬಿಡಿಸಿ ಹೇಳಲಾರೆ. ಆದರೆ ಜಿಲ್ಲೆಯ ಯಾವುದೇ ದೊಡ್ಡ ಶಾಲೆಯಲ್ಲಿ ಇಂಥ ಮಗು ಒಂದೂ ಇಲ್ಲ ಅಂದರೆ, ಅದಕ್ಕೆ ಖುಷಿಪಡುವ ಮುಂಚೆ ಆ ಮಗು ಎಲ್ಲಿದೆ ಅಂತ ಕೇಳಬೇಕು.

ಔಷಧ ಸಿಗದ ಕಾಯಿಲೆಯೂ ಅಲ್ಲ. ಬೆಂಗಳೂರಿನ ಹಿರಿಯ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಕಡೆಯ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, ಫಿನೊಬಾರ್ಬಿಟೋನ್, ಫೆನಿಟೋಯಿನ್ ಥರದ ಹಳೆಯ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಬಹಳಷ್ಟು ಜನರ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸರಿಯಾಗಿ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಉಳಿದ ಮೂವತ್ತು ಜನರ ಗತಿ ಏನು ಅಂತ ನೀವು ಕೇಳಬಹುದು. ಕೇಳಲೇಬೇಕು. 'ಗುಣವಾಗುವವರೆಗೆ' ಅನ್ನುವ ಷರತ್ತು ಅತ್ಯಂತ ಕ್ರೂರವಾಗುವುದು ಅವರ ವಿಷಯದಲ್ಲೇ. ಅವರ ಪಾಲಿಗೆ ಅದು ಯಾವತ್ತೂ ಬೇಡ ಅಂದ ಹಾಗೆ.

ನಮ್ಮ ಹಳೇ ಮೈಸೂರು ಭಾಗಕ್ಕೇ ವಿಶೇಷವಾದ ಒಂದು ಬಗೆಯೂ ಇದೆ, ಬಿಸಿನೀರಿನ ಅಪಸ್ಮಾರ. ಹಂಡೆಯಿಂದ ಸುಡುನೀರು ತೋಡಿ ಚೊಂಬು ಚೊಂಬಾಗಿ ತಲೆಗೆ ಹುಯ್ಯುವ ನಮ್ಮ ಸ್ನಾನ ಇದೆಯಲ್ಲ, ಆಗ ಮಾತ್ರ ಕೆಲವರಿಗೆ ಫಿಟ್ಸ್ ಬರುತ್ತದೆ. ಜಗತ್ತಿನಲ್ಲಿ ಇದರ ಬಗ್ಗೆ ಅತಿ ಹೆಚ್ಚು ಬರೆದವರು ನಮ್ಮ ಬೆಂಗಳೂರು, ಮೈಸೂರಿನ ಡಾಕ್ಟರುಗಳೇ. ಎಷ್ಟೋ ಮಕ್ಕಳಿಗೆ ನೀರಿನ ಬಿಸಿ ಇಳಿಸಿದರೆ ಸಾಕಾಗುತ್ತದೆ, ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ. ಬಚ್ಚಲಲ್ಲಿ ಬರುವ ಕಾಯಿಲೆಗೆ ಶಾಲೆ ಬಿಡಿಸುವುದರಲ್ಲಿ ಏನರ್ಥ? ಆದರೂ ಫಿಟ್ಸ್ ಅಂದ ಕೂಡಲೇ ಎಲ್ಲಕ್ಕೂ ಒಂದೇ ತೀರ್ಪು. ಇನ್ನೊಂದು ಬಗೆಯಲ್ಲಿ ಮಗು ಬೀಳುವುದೂ ಇಲ್ಲ, ಅದುರುವುದೂ ಇಲ್ಲ. ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ನೆಟ್ಟು ಕೂತುಬಿಡುತ್ತದೆ, ಆಮೇಲೆ ಮೊದಲಿನಂತಾಗುತ್ತದೆ. ದಿನಕ್ಕೆ ಹತ್ತಾರು ಸಲ. ಆ ಹತ್ತು ಸೆಕೆಂಡಿನಲ್ಲಿ ಮೇಷ್ಟ್ರು ಹೇಳಿದ್ದು ಅದಕ್ಕೆ ಕೇಳಿಸಿರುವುದಿಲ್ಲ. ಪುಸ್ತಕದಲ್ಲಿ ಹಾಜರಿ ಬಿದ್ದಿರುತ್ತದೆ, ಮಗು ಅಲ್ಲಿರುವುದಿಲ್ಲ. ಅದಕ್ಕೆ ಸಿಗುವುದು ಡಸ್ಟರಿನ ಏಟು, 'ಎಲ್ಲೋ ಇದೆ ನಿನ್ನ ಜ್ಞಾನ?' ಅನ್ನುವ ಬೈಗುಳ.

ನಮ್ಮಲ್ಲಿ ಎಷ್ಟೋ ಜನರ ಮನೆಯ ಶೋಕೇಸಿನಲ್ಲಿ ಹಿತ್ತಾಳೆಯ ನಟರಾಜ ಇರುತ್ತಾನೆ. ಅವನ ಕಾಲ ಕೆಳಗೆ ಮಲಗಿದ ಕುಳ್ಳನ ಹೆಸರು ಅಪಸ್ಮಾರ. ಕಾಯಿಲೆಗೂ ಅದೇ ಹೆಸರು. ಸ್ಮೃತಿ ತಪ್ಪುವುದು ಅನ್ನುವುದಷ್ಟೇ ಅದರ ಅರ್ಥ, ಚರಕನ ವೈದ್ಯದಲ್ಲೂ ಇದಕ್ಕೆ ಬೇರೆ ಅಧ್ಯಾಯವೇ ಇದೆ, ರೋಗ ಅಂತಲೇ. ಆದರೂ ಒಂದು ಕಾಯಿಲೆ ಸಾವಿರಾರು ವರ್ಷ ರಾಕ್ಷಸನ ಹೆಸರು ಹೊತ್ತುಕೊಂಡು ತಿರುಗಿದರೆ ಅದರ ನೆರಳು ರೋಗಿಯ ಮೇಲೂ ಬೀಳದೆ ಇರುತ್ತದಾ ಅಂತ ನನಗೆ ಅನುಮಾನ.

ಈಗ ಮೇಷ್ಟ್ರ ಕಡೆಯ ಮಾತು. ಇದನ್ನು ಹೇಳದೆ ಹೋದರೆ ಲ್ಯಾಪ್‌ಟಾಪ್ ಮುಂದೆ ಕೂತವನ ಉಪದೇಶ ಆಗಿಬಿಡುತ್ತದೆ. ಮಾಗಡಿಯ ಯಾವುದೋ ಮೂಲೆಯ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸಿನವರೆಗೆ ಒಬ್ಬರೇ ಟೀಚರು. ಒಂದು ಕಡೆ ಬಿಸಿಯೂಟದ ಅನ್ನ ಬೇಯುತ್ತಿದೆ, ಇನ್ನೊಂದು ಕಡೆ ಫೋನಿನಲ್ಲಿ ಇಲಾಖೆಯವರು ಅಂಕಿಅಂಶ ಕೇಳುತ್ತಿದ್ದಾರೆ. ಅಷ್ಟರಲ್ಲಿ ಒಂದು ಮಗು ಬೀಳುತ್ತದೆ. ಆಕೆಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಮಗುವಿಗೆ ಏನಾದರೂ ಆದರೆ ಊರಿನವರು ಶಾಲೆಗೆ ನುಗ್ಗುತ್ತಾರೆ, ಮಾರನೇ ದಿನ ಟಿವಿಯವರು ಬರುತ್ತಾರೆ. ಆಕೆಯ ಭಯ ಸುಳ್ಳಲ್ಲ. 'ಧೈರ್ಯ ಇರಬೇಕು' ಅಂತ ಆಕೆಗೊಬ್ಬಳಿಗೇ ಹೇಳುವುದು ನಮ್ಮ ಹೆಡ್‌ಮಾಸ್ಟರು ಮಾಡಿದ್ದಕ್ಕಿಂತ ದೊಡ್ಡ ಜಾರಿಕೆ ಅಂತ ನನ್ನ ಅಭಿಪ್ರಾಯ. ಒಬ್ಬರ ತಲೆಗೆ ಪೂರ್ತಿ ಕಟ್ಟುವ ಹೊಣೆಯನ್ನು ಯಾರೇ ಆದರೂ ಕೆಳಗಿಳಿಸಲು ನೋಡುತ್ತಾರೆ, ಇಳಿಸುವುದು ಎಲ್ಲರಿಗಿಂತ ಚಿಕ್ಕವರ ಮೇಲೆ.

ಆಕೆಗೆ ಗೊತ್ತಿರಬೇಕಾದದ್ದು ಎಷ್ಟು ಕಡಿಮೆ ಅನ್ನುವುದೇ ಇಲ್ಲಿ ಹೊಟ್ಟೆ ಉರಿಸುವ ವಿಷಯ. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬಾರದು. ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಬ್ಯಾಗೋ ಮಡಚಿದ ಬಟ್ಟೆಯೋ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂರಬೇಕು. ಬಹುಪಾಲು ಸಲ ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆಯೇ ಮತ್ತೆ ಬಂದರೆ, 108ಕ್ಕೆ ಫೋನು. ನಿಂತ ಮೇಲೆ ಮಗು ನಿದ್ದೆ ಹೋಗುತ್ತದೆ, ಮಲಗಲು ಬಿಡಬೇಕು. ಇಷ್ಟು ಓದಲು ನಿಮಗೆ ಎಷ್ಟು ಸೆಕೆಂಡು ಹಿಡಿಯಿತು? ಕಬ್ಬಿಣಕ್ಕೂ ಫಿಟ್ಸಿಗೂ ಯಾವ ಸಂಬಂಧವೂ ಇಲ್ಲ. ಆದರೆ ಬೀಗದ ಕೈಗೊಂಚಲು ಹಿಡಿಸಬೇಕು ಅಂತ ನಮ್ಮ ಆಫೀಸಿನ ಇಂಜಿನಿಯರುಗಳಿಗೂ ಗೊತ್ತಿರುತ್ತದೆ, ಮಗ್ಗುಲಿಗೆ ತಿರುಗಿಸಬೇಕು ಅನ್ನುವುದು ಗೊತ್ತಿರುವುದಿಲ್ಲ. ಸಿನಿಮಾ ಕಲಿಸಿದ ಪ್ರಥಮ ಚಿಕಿತ್ಸೆ.

ಕಾನೂನು ಏನನ್ನುತ್ತದೆ? 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಎಲ್ಲ ಮಕ್ಕಳಿಗೂ ಶಾಲೆ ಹಕ್ಕು ಅನ್ನುತ್ತದೆ, ಫಿಟ್ಸ್ ಬರದವರಿಗೆ ಮಾತ್ರ ಅಂತ ಅದರಲ್ಲಿಲ್ಲ. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಅರವತ್ತು ದಿನ ಬರದಿದ್ದರೆ ಮಾತ್ರ ಶಾಲೆಯಿಂದ ಹೊರಗುಳಿದ ಮಗು ಅಂತ ಲೆಕ್ಕ ಹಿಡಿಯುತ್ತಿದ್ದರು. 2013ರಲ್ಲಿ ಹೈಕೋರ್ಟ್ ತಾನಾಗಿಯೇ ಮೊಕದ್ದಮೆ ಕೈಗೆತ್ತಿಕೊಂಡ ಮೇಲೆ ಅದು ಏಳು ದಿನಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ನಮ್ಮ ಅಕ್ಕನಂಥವರನ್ನು ಶಾಲೆಯಿಂದ ಯಾರೂ ತೆಗೆದುಹಾಕಿರುವುದಿಲ್ಲ. 'ಮನೇಲಿರ್ಲಿ' ಅಂದಿರುತ್ತಾರೆ, ಮನೆಯವರೂ ಒಪ್ಪಿರುತ್ತಾರೆ, ಕಾರಣ 'ಅನಾರೋಗ್ಯ' ಅಂತ ಬರೆದಿರುತ್ತದೆ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ದೀರ್ಘಕಾಲದ ನರರೋಗಗಳು ಅಂತ ಹೇಳಿ ಪಾರ್ಕಿನ್ಸನ್ಸನ್ನು ಹೆಸರಿಸುತ್ತದೆ, ಅಪಸ್ಮಾರದ ಹೆಸರು ಅಲ್ಲಿಲ್ಲ. ಚನ್ನಪಟ್ಟಣದಿಂದ ಬೆಂಗಳೂರಿಗೆ ಅರವತ್ತು ಕಿಲೋಮೀಟರು. ಫಿಟ್ಸ್ ಎರಡು ನಿಮಿಷದ್ದಾದರೂ ದೊಡ್ಡಾಸ್ಪತ್ರೆಯ ಒಂದು ಸರದಿ ಅಂದರೆ ಮಗುವಿಗೆ ಒಂದು ದಿನದ ಗೈರು, ಅಪ್ಪನಿಗೆ ಒಂದು ದಿನದ ಕೂಲಿ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಕೇಳುವಾಗ ಈ ದಿನಗಳೆಲ್ಲ ಆ ಮಗುವಿನ ಲೆಕ್ಕಕ್ಕೇ ಬೀಳುತ್ತವೆ.

ನಮ್ಮ ವಾಟ್ಸಾಪ್ ಗುಂಪಿನ ಅತಿ ದೊಡ್ಡ ಸಿಟ್ಟು ಇದ್ದದ್ದು ಬೇರೆ ಕಡೆ. ಹುಡುಗನ ತಾಯಿ ಅಡ್ಮಿಷನ್ ಫಾರ್ಮಿನಲ್ಲಿ ಕಾಯಿಲೆಯ ವಿಷಯ ಬರೆದಿರಲಿಲ್ಲ. 'ಮುಚ್ಚಿಟ್ಟಿದ್ದು ತಪ್ಪಲ್ವಾ?' ಈ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು, ಯಾಕಂದ್ರೆ ತಪ್ಪು ಅಂತಲೇ ನನಗೂ ಅನ್ನಿಸಿತ್ತು. ಟೀಚರಿಗೆ ಗೊತ್ತಿಲ್ಲದಿದ್ದರೆ ಸಹಾಯ ಮಾಡುವುದು ಹೇಗೆ? ಮುಚ್ಚಿಡುವುದರಿಂದ ಅಪಾಯ ಮೊದಲು ಅದೇ ಮಗುವಿಗೆ.

ಆದರೆ ಮುಚ್ಚಿಡುವುದು ಎಲ್ಲಿಂದ ಬರುತ್ತದೆ ನೋಡಿ. 1999ರವರೆಗೆ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವೂ ಇತ್ತು. ಆ ವರ್ಷ ತಿದ್ದುಪಡಿ ಮಾಡಿ ಆ ಒಂದು ಪದ ತೆಗೆದರು. ಕಾಯ್ದೆಯಿಂದ ತೆಗೆದದ್ದು ಜನರ ಮನಸ್ಸಿನಿಂದಲೂ ಹೋಯಿತು ಅಂದುಕೊಳ್ಳುವಷ್ಟು ಮುಗ್ಧರು ನಾವ್ಯಾರೂ ಅಲ್ಲ. ಹೆಣ್ಣುಮಗುವಿಗೆ ಫಿಟ್ಸ್ ಅಂದರೆ ನಮ್ಮ ಕಡೆ ಇವತ್ತಿಗೂ ಮೊದಲು ಮುಚ್ಚುವುದು ಬಾಯಿ, ಆಮೇಲೆ ಡಾಕ್ಟರ ಹುಡುಕಾಟ. ಹಳ್ಳಿಯವರ ಮಾತು ಬಿಡಿ. ಕಂಪನಿ ಸೇರುವಾಗ ಎಚ್‌ಆರ್ ಕೊಡುವ ಫಾರ್ಮಿನಲ್ಲಿ 'ಯಾವುದಾದರೂ ಕಾಯಿಲೆ ಇದೆಯೇ?' ಅನ್ನುವ ಖಾನೆಗೆ ನಾವೇನು ಬರೆದಿದ್ದೇವೆ? ನನಗೆ ವರ್ಷಗಟ್ಟಲೆ ಆತಂಕದ ಮಾತ್ರೆ ನಡೆಯುತ್ತಿತ್ತು. 'ಇಲ್ಲ' ಅಂತ ಟಿಕ್ ಮಾಡಿದ್ದೆ. ಬರೆದರೆ ಏನಾಗುತ್ತದೋ ಗೊತ್ತಿರಲಿಲ್ಲವಲ್ಲ. ಆ ತಾಯಿಗಾದರೋ ಬರೆದರೆ ಏನಾಗುತ್ತದೆ ಅಂತ ಸರಿಯಾಗೇ ಗೊತ್ತಿತ್ತು. ಗೊತ್ತಿದ್ದದ್ದು ನಿಜ ಅನ್ನುವುದಕ್ಕೆ ನಾವು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೆಬ್ಬೆರಳು ಒತ್ತಿ ಸಾಕ್ಷಿ ಹಾಕಿದೆವು.

ನಿಜ ಹೇಳಿ ಅಂತ ಕೇಳುವ ಹಕ್ಕು ಯಾರಿಗಿದೆ? ನನಗೆ ತೋಚುವುದು ಇಷ್ಟು: ನಿಜ ಹೇಳಿದರೂ ಹೊರಗೆ ಕಳಿಸುವುದಿಲ್ಲ ಅಂತ ಮೊದಲು ಬರೆದುಕೊಟ್ಟ ಶಾಲೆಗೆ. ಫಾರ್ಮಿನಲ್ಲಿ ಪ್ರಶ್ನೆಯ ಮೇಲೆಯೇ ಆ ಒಂದು ಸಾಲು ಅಚ್ಚಾಗಿರಬೇಕು. ಆ ಸಾಲು ಇದ್ದೂ ಮುಚ್ಚಿಟ್ಟರೆ ಆಗ ತಪ್ಪು ಅನ್ನೋಣ. ಅಲ್ಲಿಯವರೆಗೆ ಪ್ರಾಮಾಣಿಕತೆಯ ಖರ್ಚನ್ನೆಲ್ಲ ಒಬ್ಬ ತಾಯಿಯ ಮೇಲೆ ಹಾಕಿ, ಲಾಭ ಮಾತ್ರ ನಮಗಿರಲಿ ಅನ್ನುವುದು ಯಾವ ಸೀಮೆಯ ನ್ಯಾಯ?

ಗುಂಪಿನಲ್ಲಿ ಯಾರೋ ಸಮಾಧಾನಕ್ಕೆ ಜಾಂಟಿ ರೋಡ್ಸ್‌ಗೂ ಈ ಕಾಯಿಲೆ ಇತ್ತು ಅಂತ ಹಾಕಿದ್ದರು. ನಿಜ, ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಆದರೂ ಈ ಥರದ ಪಟ್ಟಿಗಳು ನನಗೆ ಒಗ್ಗುವುದಿಲ್ಲ. ಗಾಳಿಯಲ್ಲಿ ಹಾರಿ ಕ್ಯಾಚ್ ಹಿಡಿಯಲು ಬಾರದ, ಲೆಕ್ಕದಲ್ಲಿ ಮೂವತ್ತೈದು ತೆಗೆಯುವ ಮಗುವಿಗೂ ಮೂರನೇ ಬೆಂಚಿನಲ್ಲಿ ಒಂದು ಜಾಗ ಬೇಕು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ, ಹೆದರಿಕೆ ಆಯ್ತಾ ಅಂತ. ಅವಳು ಸಾರಿನಲ್ಲಿ ಬೀನ್ಸ್ ಆರಿಸುತ್ತಾ ಹೇಳಿದಳು: 'ಫಸ್ಟು ಆಯ್ತು. ಮಿಸ್ ಎಲ್ರೂ ಹಿಂದೆ ಹೋಗಿ ಅಂದ್ರು. ಅವನ್ನ ಪಕ್ಕಕ್ಕೆ ತಿರುಗಿಸಿದ್ರು. ವಾಚ್ ನೋಡ್ತಾ ಇದ್ರು. ಆಮೇಲೆ ಅವ್ನು ಮಲ್ಕೊಂಡ. ಅಪ್ಪಾ, ನಮ್ಮ ಸೋಲಾರ್ ಸಿಸ್ಟಂ ಮಾಡೆಲ್ಲಲ್ಲಿ ಶನಿ ಅವ್ನದ್ದು, ಅವ್ನು ಬರದೇ ಇದ್ರೆ ಉಂಗುರ ಯಾರು ಮಾಡ್ತಾರೆ?' ನಮ್ಮ ಪತ್ರ ಯಾರನ್ನು ಕಾಪಾಡಲು ಹೊರಟಿತ್ತೋ ಅವಳ ಚಿಂತೆ ಇದು. ಆ ಟೀಚರು, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಗಾಬರಿಯಾಗದೆ ಗಡಿಯಾರ ನೋಡಿದಳಲ್ಲ, ಮಕ್ಕಳು ಕಲಿತದ್ದು ಅದನ್ನು. ನಮ್ಮೂರ ಅಂಗಳದಲ್ಲಿ ನಾವು ಕಲಿತದ್ದು ಬೇರೆ. ಬಿದ್ದವರು ಮಾರನೇ ದಿನದಿಂದ ಕಾಣಿಸುವುದಿಲ್ಲ ಅಂತ ಕಲಿತೆವು, ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆ ಅಂದರೆ ಇಪ್ಪತ್ತೆಂಟು ವರ್ಷವಾದರೂ ಬೆರಳು ಮರೆತಿರಲಿಲ್ಲ.

ಊಟವಾದ ಮೇಲೆ ಗುಂಪಿನಲ್ಲಿ ಬರೆದೆ. ನನ್ನ ಒಪ್ಪಿಗೆ ವಾಪಸ್ ತೆಗೆದುಕೊಂಡಿದ್ದೇನೆ ಅಂತ, ಯಾಕೆ ಅಂತ, ಅಕ್ಕನ ಕೈಯ ವಿಷಯವನ್ನೂ. ಉದ್ದದ ಮೆಸೇಜು. ನಾಲ್ಕು ಜನ ತಮ್ಮ ಹೆಬ್ಬೆರಳನ್ನೂ ತೆಗೆದರು. ಇಬ್ಬರು ನನ್ನದು ಭಾವುಕತೆ ಅಂದರು, ಒಬ್ಬರು ಗುಂಪಿನಿಂದಲೇ ಹೋದರು. ಪತ್ರ ಕೊನೆಗೆ ಶಾಲೆಗೆ ಹೋಗಲಿಲ್ಲ. ಅದಕ್ಕೆ ನನ್ನ ಮೆಸೇಜೇ ಕಾರಣ ಅಂತ ಹೇಳಿಕೊಳ್ಳಲಾರೆ, ಅಷ್ಟರಲ್ಲಿ ಆನ್ಯುಯಲ್ ಡೇ ಡ್ರೆಸ್ಸಿನ ಜಗಳ ಶುರುವಾಗಿತ್ತು.

ಆಮೇಲೆ ಅಕ್ಕನಿಗೆ ಫೋನು ಮಾಡಿದೆ. ಈಗ ಅವಳಿಗೆ ಚನ್ನಪಟ್ಟಣದಲ್ಲಿ ಸ್ವಂತ ಮನೆ, ಇಬ್ಬರು ಮಕ್ಕಳು, ದೊಡ್ಡವಳು ಡಿಗ್ರಿ ಓದುತ್ತಿದ್ದಾಳೆ. ವಾಟ್ಸಾಪಿನಲ್ಲಿ ಅಕ್ಕ ಬರೆಯುವುದಿಲ್ಲ, ವಾಯ್ಸ್ ಮೆಸೇಜು ಕಳಿಸುತ್ತಾಳೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ನಡೆದದ್ದನ್ನೆಲ್ಲ ಹೇಳಿ, ಹೆಡ್‌ಮಾಸ್ಟರ ಮೇಲೆ ಸಿಟ್ಟಿಲ್ವಾ ನಿಂಗೆ ಅಂದೆ.

'ಮೇಷ್ಟ್ರುದೇನ್ ತಪ್ಪೋ. ಅವ್ರು ಬಂದ್ ಹೇಳೋದ್ರು. ನೀನ್ ನೋಟ್ಸ್ ತರೋದ್ ನಿಲ್ಸ್ದಲ್ಲ, ಆವಾಗ್ ಬೇಜಾರಾಗಿತ್ತು ಕಣೋ. ಕಿಟಕೀಲ್ ಕಾಯ್ಕೊಂಡ್ ಕೂತಿರ್ತಿದ್ದೆ.'

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳೇ ಮುಂದುವರಿಸಿದಳು. 'ಆ ಮಗ ಮತ್ತೆ ಸ್ಕೂಲಿಗ್ ಬಂತಾ?'

ನಾಳೆ ಗೊತ್ತಾಗುತ್ತೆ ಅಂದೆ.

'ಮಾತ್ರೆ ಒಂದೊತ್ತೂ ತಪ್ಪಿಸ್ಬಾರ್ದು ಅಂತ ಹೇಳು ಅವರಮ್ಮಂಗೆ. ನಿದ್ದೆ ಕೆಡಿಸ್ಬಾರ್ದು, ಹೊಟ್ಟೆ ಹಸ್ಕೊಂಡಿರ್ಬಾರ್ದು. ಮರೀದೆ ಹೇಳು.'

ಹುಡುಗ ಗುರುವಾರ ಬಂದ. ಗೇಟಿನ ಹತ್ತಿರ ಅವನ ತಾಯಿ ಒಬ್ಬರೇ ನಿಂತಿದ್ದರು, ಉಳಿದ ಅಮ್ಮಂದಿರಿಂದ ನಾಲ್ಕು ಹೆಜ್ಜೆ ದೂರ. ನಾನು ಹೋಗಿ ಅಕ್ಕ ಹೇಳಿದ್ದಷ್ಟನ್ನೂ ಹೇಳಿದೆ.